ಪ್ರಾಚೀನ ಗ್ರೀಸ್ ಪಶ್ಚಿಮಕ್ಕೆ ಕೊಟ್ಟದ್ದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಸ್ ವಿಷಯ ಬಂದರೆ ಸಾಮಾನ್ಯವಾಗಿ ಎರಡು ವಾದ ಕೇಳಿಸುತ್ತವೆ. ಜಗತ್ತಿನ ಬುದ್ಧಿಯೆಲ್ಲ ಅಲ್ಲೇ ಹುಟ್ಟಿತು ಎನ್ನುವವರು ಒಂದು ಕಡೆ. ಅವರದೆನ್ನುವುದು ಏನೂ ಇಲ್ಲ, ಎಲ್ಲ ಪೂರ್ವದಿಂದ ಎತ್ತಿಕೊಂಡದ್ದು ಎನ್ನುವವರು ಇನ್ನೊಂದು ಕಡೆ. ಈ ಜಗಳದ ನಡುವೆ ಓದುಗರು, ವಿದ್ಯಾರ್ಥಿಗಳು ಕೇಳುತ್ತಲೇ ಇರುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉತ್ತರ ಉದ್ದವಿದೆ, ಕೆಲವಕ್ಕೆ ನಾಲ್ಕು ಸಾಲು ಸಾಕು.

ಪ್ರಾಚೀನ ಗ್ರೀಸ್ ಎಂದರೆ ಯಾವ ಕಾಲ, ಯಾವ ಜಾಗ?

ಸುಮಾರು ಕ್ರಿ.ಪೂ. 800ರಿಂದ ಹಿಡಿದು, ಕ್ರಿ.ಪೂ. 146ರಲ್ಲಿ ರೋಮನರು ಕೊರಿಂಥ್ ನಗರವನ್ನು ಹಾಳುಗೆಡವುವ ತನಕ ಎಂದು ಇಟ್ಟುಕೊಳ್ಳಬಹುದು. ಆದರೆ ಗ್ರೀಕ್ ವಿದ್ಯೆ ಅಲ್ಲಿಗೆ ನಿಲ್ಲಲಿಲ್ಲ. ಖಗೋಳಶಾಸ್ತ್ರದ ಟಾಲೆಮಿ, ವೈದ್ಯ ಗೇಲೆನ್ ಇಬ್ಬರೂ ರೋಮನ್ ಆಳ್ವಿಕೆಯಲ್ಲಿದ್ದು ಗ್ರೀಕಿನಲ್ಲೇ ಬರೆದವರು.

ಆಗ ಗ್ರೀಸ್ ಎಂಬ ಒಂದು ದೇಶ ಇರಲಿಲ್ಲ. ಸ್ಪೇನಿನ ಕರಾವಳಿಯಿಂದ ಕಪ್ಪುಸಮುದ್ರದವರೆಗೆ ಚದುರಿದ ಸಾವಿರಕ್ಕೂ ಹೆಚ್ಚು ನಗರರಾಜ್ಯಗಳಿದ್ದವು. ತತ್ವಜ್ಞಾನಿ ಥೇಲ್ಸ್‌ನ ಊರು ಮಿಲೀಟಸ್ ಈಗ ಟರ್ಕಿಯಲ್ಲಿದೆ. ಆರ್ಕಿಮಿಡೀಸ್‌ನ ಸಿರಾಕ್ಯೂಸ್ ಇಟಲಿಯ ಸಿಸಿಲಿ ದ್ವೀಪದಲ್ಲಿದೆ. ಯೂಕ್ಲಿಡ್‌ನ ಅಲೆಕ್ಸಾಂಡ್ರಿಯ ಈಜಿಪ್ಟಿನದು. ನಾವು 'ಗ್ರೀಕರು ಹೀಗಿದ್ದರು' ಎಂದು ಹೇಳುವುದರಲ್ಲಿ ಬಹುಪಾಲು ಅಥೆನ್ಸ್ ಎಂಬ ಒಂದೇ ಊರಿನ ಕಥೆ. ಹೆಚ್ಚು ಬರೆದಿಟ್ಟವರು, ಕಲ್ಲಿನಲ್ಲಿ ಹೆಚ್ಚು ಕೆತ್ತಿಸಿದವರು ಅವರೇ.

ಒಂದೇ ಒಂದು ಕೊಡುಗೆ ಹೇಳಿ ಎಂದರೆ ಯಾವುದು?

ಹೇಳಿದ್ದಕ್ಕೂ ಮಾಡಿದ್ದಕ್ಕೂ ಹತ್ತು ಜನರೆದುರು ಲೆಕ್ಕ ಒಪ್ಪಿಸಬೇಕು ಎಂಬ ಹಟ. ನನ್ನ ಆಯ್ಕೆ ಅದೇ. ಅಥೆನ್ಸ್‌ನಲ್ಲಿ ಅಧಿಕಾರದ ಅವಧಿ ಮುಗಿಸಿದವನು ತನಿಖೆಗೆ ನಿಲ್ಲಲೇಬೇಕಿತ್ತು. ಅದು ಮುಗಿಯುವ ತನಕ ಅವನು ಊರು ಬಿಡುವಂತಿರಲಿಲ್ಲ. ಆಸ್ತಿಯನ್ನು ದೇವರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವಂತೆಯೂ ಇರಲಿಲ್ಲ. ಈ ಹಟ ಗಣಿತಕ್ಕೆ ಬಂದಾಗ 'ಸಾಧಿಸಿ ತೋರಿಸು' ಎಂದಾಯಿತು. ವೈದ್ಯಕ್ಕೆ ಬಂದಾಗ 'ದೇವರ ಶಾಪ ಎನ್ನಬೇಡ, ಕಾರಣ ಹೇಳು' ಎಂದಾಯಿತು. ಇತಿಹಾಸಕ್ಕೆ ಬಂದಾಗ 'ಇದು ನಿನಗೆ ಹೇಗೆ ಗೊತ್ತು?' ಎಂದಾಯಿತು. ಕಂಬ, ಕಮಾನು, ಕ್ರೀಡಾಕೂಟಗಳನ್ನು ನಾನು ಇದರ ನಂತರ ಇಡುತ್ತೇನೆ. ಕಮಾನಂತೂ ರೋಮನರ ಕೈಯಲ್ಲಿ ಬೆಳೆದದ್ದು.

ಅಥೆನ್ಸ್‌ನ ಪ್ರಜಾಪ್ರಭುತ್ವ ನಿಜವಾಗಿ ಹೇಗೆ ನಡೆಯುತ್ತಿತ್ತು?

ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ: ಅವರ ಪ್ರಜಾಪ್ರಭುತ್ವದಲ್ಲಿ ಚುನಾವಣೆಗೆ ಅಂಥ ದೊಡ್ಡ ಜಾಗ ಇರಲಿಲ್ಲ. ಚುನಾವಣೆ ಇಟ್ಟರೆ ಹಣವಂತರು, ಹೆಸರುವಾಸಿ ಮನೆತನದವರೇ ಗೆಲ್ಲುತ್ತಾರೆ ಎಂಬ ಅನುಮಾನ ಅವರಿಗಿತ್ತು. ಚೀಟಿ ಎತ್ತುವುದು ಪ್ರಜಾಪ್ರಭುತ್ವದ ಗುಣ, ಮತದಿಂದ ಆರಿಸುವುದು ಕೆಲವೇ ಜನರ ಆಳ್ವಿಕೆಯ ಗುಣ ಎಂದು ಅರಿಸ್ಟಾಟಲ್ ಬರೆದೇ ಇಟ್ಟಿದ್ದಾನೆ.

ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತನೀಸ್ ಎಂಬ ಮುಖಂಡ ಹಳೆಯ ಮನೆತನಗಳ ಹಿಡಿತ ಸಡಿಲಿಸಲು ಜನರನ್ನು ಹತ್ತು ಹೊಸ ಗಣಗಳಾಗಿ ವಿಂಗಡಿಸಿದ. ಪ್ರತಿ ಗಣದಲ್ಲೂ ನಗರದವರು, ಕರಾವಳಿಯವರು, ಒಳನಾಡಿನವರು ಮೂವರೂ ಬೆರೆಯುವಂತೆ ನೋಡಿಕೊಂಡ. ಗಣಕ್ಕೆ 50 ಮಂದಿಯಂತೆ 500 ಜನರ ಸಮಿತಿ ದಿನನಿತ್ಯದ ಆಡಳಿತ ನೋಡುತ್ತಿತ್ತು. ಇವರೆಲ್ಲ ಚೀಟಿಯಲ್ಲಿ ಬಂದವರು, ಒಂದು ವರ್ಷದ ಅವಧಿಗೆ. ಒಬ್ಬನಿಗೆ ಇಡೀ ಆಯುಷ್ಯದಲ್ಲಿ ಎರಡು ಸಲಕ್ಕಿಂತ ಹೆಚ್ಚು ಅವಕಾಶ ಇರಲಿಲ್ಲ. ಹೀಗಾಗಿ ಎಣ್ಣೆ ಮಾರುವವನೂ ಕುಂಬಾರನೂ ಒಂದಲ್ಲ ಒಂದು ವರ್ಷ ಆ ಪೀಠದಲ್ಲಿ ಕೂತು ರಾಯಭಾರಿಗಳನ್ನು ಬರಮಾಡಿಕೊಳ್ಳುವ ಸಂಭವ ಇತ್ತು.

ಕಾನೂನು, ಯುದ್ಧ, ಒಪ್ಪಂದದಂಥ ದೊಡ್ಡ ನಿರ್ಧಾರಗಳು ಪ್ನಿಕ್ಸ್ ಎಂಬ ಗುಡ್ಡದ ಮೇಲಿನ ಮಹಾಸಭೆಯಲ್ಲಿ. ಕ್ರಿ.ಪೂ. 4ನೇ ಶತಮಾನದಲ್ಲಿ ಅದು ವರ್ಷಕ್ಕೆ ಸುಮಾರು 40 ಸಲ ಸೇರುತ್ತಿತ್ತು. ಕೆಲವು ವಿಷಯಗಳಿಗೆ 6,000 ಜನರ ಹಾಜರಿ ಕಡ್ಡಾಯ. ನ್ಯಾಯಾಲಯದಲ್ಲಿ ವೃತ್ತಿಪರ ನ್ಯಾಯಾಧೀಶನೂ ಇಲ್ಲ, ವಕೀಲನೂ ಇಲ್ಲ. ಪಂಚರೇ ನೂರಾರು ಮಂದಿ. 201, 401, 501 ಹೀಗೆ. ಇಬ್ಬರೂ ಕಕ್ಷಿಗಾರರ ಮಾತಿಗೆ ನೀರು ಸೋರುವ ಗಡಿಗೆಯ ಗಡಿಯಾರ ಇಟ್ಟು ಸಮಯ ಅಳೆಯುತ್ತಿದ್ದರು. ಯಾವ ಪಂಚ ಯಾವ ಮೊಕದ್ದಮೆಗೆ ಎಂಬುದನ್ನು ಆ ದಿನ ಬೆಳಿಗ್ಗೆಯೇ ಕಲ್ಲಿನ ಯಂತ್ರವೊಂದು ನಿರ್ಧರಿಸುತ್ತಿತ್ತು. ಅದರಲ್ಲಿ ಸಾಲು ಸಾಲು ಸೀಳುಗಳು. ಪಂಚರ ಹೆಸರಿನ ಬಿಲ್ಲೆಗಳನ್ನು ಅವುಗಳಲ್ಲಿ ಸಿಕ್ಕಿಸಿ, ಪಕ್ಕದ ಕೊಳವೆಯಿಂದ ಕಪ್ಪು ಬಿಳಿ ದಾಳ ಬೀಳಿಸುತ್ತಿದ್ದರು. ಮುಂಚೆಯೇ ಲಂಚ ಕೊಡೋಣವೆಂದರೆ ಯಾರಿಗೆಂದು ಕೊಡುವುದು?

ಮತದಿಂದ ಆರಿಸುತ್ತಿದ್ದದ್ದು ಮುಖ್ಯವಾಗಿ ಹತ್ತು ಸೇನಾಧಿಪತಿಗಳನ್ನು. ಯುದ್ಧದಲ್ಲಿ ಚೀಟಿಯ ಅದೃಷ್ಟ ನಂಬುವಷ್ಟು ಮುಗ್ಧರಲ್ಲ ಅವರು. ಅಥೆನ್ಸ್‌ನ ಹೆಸರಾಂತ ಮುಖಂಡ ಪೆರಿಕ್ಲೀಸ್ ವರ್ಷವರ್ಷವೂ ಆರಿಸಿ ಬಂದದ್ದು ಈ ಹುದ್ದೆಗೇ.

ಇನ್ನು ಮಡಕೆ ಚೂರಿನ ಮತ. ವರ್ಷಕ್ಕೊಮ್ಮೆ, ಸಭೆ ಒಪ್ಪಿದರೆ, ಜನ ತಮಗೆ ಅಪಾಯಕಾರಿ ಎನಿಸಿದವನ ಹೆಸರನ್ನು ಒಡೆದ ಮಡಕೆಯ ಚೂರಿನ ಮೇಲೆ ಗೀಚಿ ಹಾಕಬಹುದಿತ್ತು. ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರ ಹೊರಗೆ; ಆಸ್ತಿ ಮಾತ್ರ ಅವನದೇ. ಅಕ್ರೊಪೊಲಿಸ್ ಗುಡ್ಡದ ಉತ್ತರ ಇಳಿಜಾರಿನ ಒಂದು ಬಾವಿಯಲ್ಲಿ ಥೆಮಿಸ್ಟೊಕ್ಲೀಸ್ ಎಂಬ ಮುಖಂಡನ ಹೆಸರಿರುವ ಸುಮಾರು 190 ಚೂರು ಸಿಕ್ಕಿದವು. ಅಕ್ಷರ ಪರೀಕ್ಷಿಸಿದರೆ ಅಷ್ಟನ್ನೂ ಬರೆದವರು ಹದಿನಾಲ್ಕೇ ಮಂದಿ! ಯಾರೋ ಮೊದಲೇ ಬರೆಸಿ ಹಂಚಲು ಇಟ್ಟುಕೊಂಡದ್ದು ಎನ್ನುವುದು ವಿದ್ವಾಂಸರ ಊಹೆ. ಮತದಾನದ ಹಿಂದಿನ ರಾತ್ರಿಯ ಕೆಲಸಗಳಿಗೆ ಇತಿಹಾಸ ದೊಡ್ಡದೇ ಇದೆ.

ಹೆಂಗಸರಿಗೆ, ಗುಲಾಮರಿಗೆ ಇದರಲ್ಲಿ ಪಾಲಿತ್ತೇ?

ಇರಲಿಲ್ಲ. ಹೆಂಗಸರು ಸಭೆಯಲ್ಲಿ ಮಾತಾಡುವಂತಿರಲಿಲ್ಲ, ಮತ ಹಾಕುವಂತಿರಲಿಲ್ಲ. ಹೊರಗಿನಿಂದ ಬಂದು ನೆಲೆಸಿದವರು ತೆರಿಗೆ ಕೊಟ್ಟು, ಯುದ್ಧಕ್ಕೂ ಹೋಗಿ, ತಲೆಮಾರು ಕಳೆದರೂ ಪೌರರಾಗುತ್ತಿರಲಿಲ್ಲ. ಕ್ರಿ.ಪೂ. 451ರಲ್ಲಿ ಪೆರಿಕ್ಲೀಸ್ ತಂದ ಕಾನೂನಿನಂತೆ ತಂದೆ ತಾಯಿ ಇಬ್ಬರೂ ಅಥೆನ್ಸ್‌ನವರಾಗಿದ್ದರೆ ಮಾತ್ರ ಮಗ ಪೌರ. ಗುಲಾಮರಂತೂ ಎಲ್ಲೆಡೆ ಇದ್ದರು: ಮನೆಯಲ್ಲಿ, ಹೊಲದಲ್ಲಿ, ಎಲ್ಲಕ್ಕಿಂತ ಘೋರವಾಗಿ ಲಾರಿಯಂ ಬೆಳ್ಳಿ ಗಣಿಗಳ ಕಿರಿದಾದ ಸುರಂಗಗಳಲ್ಲಿ. ಆ ಬೆಳ್ಳಿಯಿಂದಲೇ ಥೆಮಿಸ್ಟೊಕ್ಲೀಸ್ ಹಡಗುಪಡೆ ಕಟ್ಟಿಸಿದ್ದು. ಆ ಪಡೆಯೇ ಕ್ರಿ.ಪೂ. 480ರಲ್ಲಿ ಸಲಾಮಿಸ್‌ನಲ್ಲಿ ಪರ್ಷಿಯನ್ನರನ್ನು ಸೋಲಿಸಿದ್ದು.

'ಆ ಕಾಲ ಹಾಗಿತ್ತು' ಎಂದು ಇದನ್ನು ತೇಲಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಕೆಲವರು ಹುಟ್ಟಿನಿಂದಲೇ ಗುಲಾಮರು ಎಂದು ಅರಿಸ್ಟಾಟಲ್ ವಾದಿಸಿದ. ಗುಲಾಮಗಿರಿ ಪ್ರಕೃತಿಗೆ ವಿರುದ್ಧ ಎನ್ನುವವರು ತನ್ನ ಕಾಲದಲ್ಲೇ ಇದ್ದಾರೆಂದು ಅವನೇ ಅಲ್ಲಿ ದಾಖಲಿಸಿದ್ದಾನೆ. ಅವನ ವಾದ ಪುಸ್ತಕದಲ್ಲೇ ಉಳಿಯಲೂ ಇಲ್ಲ. 1550ರಲ್ಲಿ ಸ್ಪೇನಿನ ವಯ್ಯದೊಲಿದ್ ನಗರದಲ್ಲಿ ಅಮೆರಿಕದ ಮೂಲನಿವಾಸಿಗಳ ಬಗ್ಗೆ ವಾದ ನಡೆದಾಗ ಸೆಪುಲ್ವೇದ ಎಂಬ ಪಂಡಿತ ಅದನ್ನೇ ಮುಂದಿಟ್ಟ. ಪಶ್ಚಿಮಕ್ಕೆ ಗ್ರೀಸ್ ಕೊಟ್ಟದ್ದರಲ್ಲಿ ಇದೂ ಸೇರಿದೆ.

ಹಾಗಾದರೆ ಇಂದಿನ ಸಂಸತ್ತು, ಶಾಸನಸಭೆಗಳು ಅಥೆನ್ಸ್‌ನಿಂದ ಬಂದವೇ?

ನೇರವಾಗಿ ಅಲ್ಲ. ಅಮೆರಿಕದ ಸಂವಿಧಾನ ಬರೆದವರು ರೋಮನ್ನು ಮೆಚ್ಚಿದರು, ಅಥೆನ್ಸ್‌ಗೆ ಹೆದರಿದರು. ಅಥೆನ್ಸ್‌ನ ಒಬ್ಬೊಬ್ಬ ಪೌರನೂ ಸಾಕ್ರೆಟಿಸ್ ಆಗಿದ್ದರೂ ಅವರ ಸಭೆ ಗುಂಪುಗಲಭೆಯೇ ಆಗಿರುತ್ತಿತ್ತು ಎಂಬರ್ಥದ ಮಾತನ್ನು ಜೇಮ್ಸ್ ಮ್ಯಾಡಿಸನ್ ಬರೆದಿದ್ದಾನೆ. ಇಂಗ್ಲಿಷ್ ಸಂಸತ್ತು ಮಧ್ಯಯುಗದ ರಾಜಸಭೆಯಿಂದ ಬೆಳೆದದ್ದು. ಪ್ರಜಾಪ್ರಭುತ್ವ ಎನ್ನುವುದು ಯೂರೋಪಿನ ಓದಿದವರಿಗೆ ಬಹುಕಾಲ ಬೈಗುಳಕ್ಕೆ ಸಮ. 1846ರಿಂದ ಹತ್ತು ವರ್ಷ ಸಂಪುಟ ಸಂಪುಟವಾಗಿ ಗ್ರೀಸ್‌ನ ಇತಿಹಾಸ ಬರೆದ ಲಂಡನ್ನಿನ ಜಾರ್ಜ್ ಗ್ರೋಟ್ ಅಥೆನ್ಸ್‌ನ ಹೆಸರನ್ನು ಮತ್ತೆ ಮೇಲೆತ್ತಿದವರಲ್ಲಿ ಮುಖ್ಯ. ಅವನು ಬ್ಯಾಂಕಿನ ಮನೆತನದವನು.

ಆದರೂ ಅಧಿಕಾರಿ ಜನರಿಗೆ ಉತ್ತರದಾಯಿ, ಕಾನೂನಿನೆದುರು ಪೌರರೆಲ್ಲ ಸಮಾನರು, ಬಡವನಿಗೂ ಮಾತಾಡುವ ಹಕ್ಕಿದೆ ಎಂಬ ವಿಚಾರಗಳು ಒಮ್ಮೆ ನಿಜವಾಗಿ ನಡೆದಿದ್ದವು ಎಂಬ ನೆನಪು ಉಳಿದಿತ್ತಲ್ಲ, ಅದರ ಬೆಲೆ ಕಡಿಮೆಯೇನಲ್ಲ.

ಅಂಥ ಊರು ಸಾಕ್ರೆಟಿಸ್‌ಗೆ ಏಕೆ ವಿಷ ಕುಡಿಸಿತು?

ಕ್ರಿ.ಪೂ. 399ರಲ್ಲಿ, ಅವನಿಗೆ ಎಪ್ಪತ್ತು ವರ್ಷವಾಗಿದ್ದಾಗ. ಆರೋಪ ಎರಡು: ಊರಿನ ದೇವರುಗಳನ್ನು ಬಿಟ್ಟು ಹೊಸ ದೈವಗಳನ್ನು ತರುತ್ತಾನೆ, ಹುಡುಗರನ್ನು ಕೆಡಿಸುತ್ತಾನೆ. ಹಿಂದಿನ ಕಥೆ ಗೊತ್ತಿಲ್ಲದಿದ್ದರೆ ಇದು ಬರೀ ಮೌಢ್ಯದಂತೆ ಕಾಣುತ್ತದೆ. ಐದು ವರ್ಷ ಹಿಂದಷ್ಟೇ ಅಥೆನ್ಸ್ ತನ್ನ ಎದುರಾಳಿ ನಗರರಾಜ್ಯ ಸ್ಪಾರ್ಟಾಗೆ ಸೋತು, ಮೂವತ್ತು ಜನರ ಕ್ರೂರ ಕೂಟವೊಂದು ಊರನ್ನು ಆಳಿತ್ತು. ಅದರ ನಾಯಕ ಕ್ರಿಟಿಯಾಸ್ ಹಿಂದೆ ಸಾಕ್ರೆಟಿಸ್‌ನ ಒಡನಾಡಿ. ಶತ್ರುಪಾಳಯ ಸೇರಿದ ಆಲ್ಸಿಬಯಡೀಸ್ ಕೂಡ ಅವನ ಬಳಗದವನೇ. ಕ್ಷಮಾದಾನದ ಒಪ್ಪಂದ ಇದ್ದದ್ದರಿಂದ ಆ ಹಳೆಯ ರಾಜಕೀಯವನ್ನು ನೇರವಾಗಿ ಮೊಕದ್ದಮೆ ಮಾಡುವಂತಿರಲಿಲ್ಲ.

ಶಿಷ್ಯ ಪ್ಲೇಟೊ ಬರೆದಂತೆ, ಮೂವತ್ತು ಮತ ಆಚೆಗೆ ಬಿದ್ದಿದ್ದರೆ ಸಾಕ್ರೆಟಿಸ್ ಬಿಡುಗಡೆಯಾಗುತ್ತಿದ್ದ. ತಪ್ಪಿತಸ್ಥ ಎಂದಾದ ಮೇಲೆ ಶಿಕ್ಷೆ ಏನಿರಲಿ ಎಂದು ಅವನನ್ನೇ ಕೇಳಿದರು. ಒಲಿಂಪಿಕ್ ಗೆದ್ದವರಿಗೆ ಕೊಡುವಂತೆ ತನಗೂ ಸರ್ಕಾರಿ ಖರ್ಚಿನಲ್ಲಿ ಊಟ ಹಾಕಿ ಎಂದ. ಲೆಕ್ಕ ಕೇಳುವ ಊರಿಗೇ ಲೆಕ್ಕ ಕೇಳಿದವನು ಅವನು. ಊರಿಗೆ ಅದು ಹಿಡಿಸಲಿಲ್ಲ.

ಪೈಥಾಗೊರಸ್ ಪ್ರಮೇಯ ನಮ್ಮವರಿಗೆ ಮೊದಲೇ ಗೊತ್ತಿತ್ತಲ್ಲ? ಮತ್ತೆ ಗ್ರೀಕರದೇನು?

ಗೊತ್ತಿತ್ತು. ಬಾಬಿಲೋನಿಯದವರಿಗೆ ಕ್ರಿ.ಪೂ. 1800ರಷ್ಟು ಹಿಂದೆಯೇ ಗೊತ್ತಿತ್ತು. ಅವರ ಮಣ್ಣಿನ ಹಲಗೆಯೊಂದರಲ್ಲಿ ಅಂಥ ತ್ರಿಭುಜಗಳ ಸಂಖ್ಯೆಗಳ ಪಟ್ಟಿಯೇ ಇದೆ. ನಮ್ಮ ಬೌಧಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿಯ ಅಳತೆಗಾಗಿ ಆ ನಿಯಮವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಪೈಥಾಗೊರಸ್ ತಾನೇ ಅದನ್ನು ಸಾಧಿಸಿದ ಎನ್ನುವುದಕ್ಕೆ ಗಟ್ಟಿ ಪುರಾವೆಯೂ ಇಲ್ಲ.

ಗ್ರೀಕರದು ಬೇರೆ ಕಡೆ ಇದೆ. ಎರಡರ ವರ್ಗಮೂಲವನ್ನೇ ತೆಗೆದುಕೊಳ್ಳಿ. ಶುಲ್ಬಸೂತ್ರ ಅದಕ್ಕೆ ಕೊಡುವ ಬೆಲೆ ಐದು ದಶಮಾಂಶ ಸ್ಥಾನದವರೆಗೆ ಸರಿಯಿದೆ. ಕಟ್ಟುವ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಗ್ರೀಕರು ಕೇಳಿದ್ದು ಇನ್ನೊಂದು: ಅದನ್ನು ಯಾವುದಾದರೂ ಭಿನ್ನರಾಶಿಯಾಗಿ ಪೂರ್ತಿ ಸರಿಯಾಗಿ ಬರೆಯಲು ಆಗುತ್ತದೆಯೇ? ಆಗುವುದೇ ಇಲ್ಲ ಎಂದು ಸಾಧಿಸಿದರು. ಕೋಟಿ ಭಿನ್ನರಾಶಿ ಪರೀಕ್ಷಿಸಿದರೂ 'ಆಗುವುದೇ ಇಲ್ಲ' ಎನ್ನಲು ಬಾರದು. ಅದಕ್ಕೆ ತರ್ಕವೇ ಬೇಕು. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂಬ ಯೂಕ್ಲಿಡ್‌ನ ಸಾಧನೆಯೂ ಇದೇ ಜಾತಿಯದು. ಕಾಗದದ ಮೇಲೆ ಐದಾರು ಸಾಲು, ಇವತ್ತಿಗೂ ಒಂದು ಅಕ್ಷರ ಬದಲಿಸಬೇಕಿಲ್ಲ.

ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೆ ಅಲೆಕ್ಸಾಂಡ್ರಿಯದಲ್ಲಿ ಕೂತು ಹಿಂದಿನವರ ಗಣಿತವನ್ನೆಲ್ಲ 13 ಭಾಗಗಳಲ್ಲಿ ಪೋಣಿಸಿದ. ಮೊದಲು ವ್ಯಾಖ್ಯೆ, ಐದು ಆಧಾರಪ್ರತಿಜ್ಞೆ, ಕೆಲವು ಸರ್ವಸಮ್ಮತ ಮಾತು. ಆಮೇಲೆ ಒಂದರ ಹೆಗಲ ಮೇಲೆ ಒಂದು ನಿಲ್ಲುವ 465 ಪ್ರಮೇಯಗಳು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಗೆರೆ ಹಾಕಿ ಬರೆದವರೆಲ್ಲ ಯೂಕ್ಲಿಡ್‌ನ ಅಚ್ಚಿನಲ್ಲೇ ಬರೆದಿದ್ದಾರೆ. ಆ ನಾಲ್ಕು ಹಂತ ಅವನ ಪುಸ್ತಕದವೇ. ಭಾರತದಲ್ಲಿ ಸಾಧಿಸಿ ತೋರಿಸುವ ಕ್ರಮ ಇರಲೇ ಇಲ್ಲ ಎಂದು ಇದರಿಂದ ತಿಳಿಯಬೇಡಿ. 16ನೇ ಶತಮಾನದ ಕೇರಳದ ಗಣಿತಜ್ಞರು 'ಯುಕ್ತಿ'ಗಳನ್ನು ವಿವರವಾಗಿ ಬರೆದಿದ್ದಾರೆ. ಆದರೆ ಇಡೀ ಶಾಸ್ತ್ರವನ್ನು ಬೆರಳೆಣಿಕೆಯ ಆಧಾರಗಳ ಮೇಲೆ ನಿಲ್ಲಿಸುವ ಕಟ್ಟಡ ಯೂಕ್ಲಿಡ್‌ನದು. ನ್ಯೂಟನ್ ಕೂಡ ತನ್ನ ಚಲನೆಯ ನಿಯಮಗಳನ್ನು ಆ ಮಾದರಿಯಲ್ಲೇ ಜೋಡಿಸಿದ.

ಭೂಮಿ ದುಂಡಗಿದೆ ಎಂದು ಅವರಿಗೆ ಗೊತ್ತಿತ್ತೇ?

ಗೊತ್ತಿದ್ದಷ್ಟೇ ಅಲ್ಲ, ಅಳೆದೂ ನೋಡಿದರು. ಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ನೆರಳು ಯಾವಾಗಲೂ ಕಮಾನಿನಂತಿರುತ್ತದೆ ಎಂಬುದು ಅರಿಸ್ಟಾಟಲ್ ಕೊಟ್ಟ ಕಾರಣಗಳಲ್ಲಿ ಒಂದು. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಎರಟೊಸ್ತನೀಸ್ ಹೀಗೆ ಲೆಕ್ಕ ಹಾಕಿದ. ವರ್ಷದ ಅತಿ ಉದ್ದದ ಹಗಲಿನ ನಡುಮಧ್ಯಾಹ್ನ ದಕ್ಷಿಣದ ಸಿಯೀನ್‌ನಲ್ಲಿ, ಅಂದರೆ ಇಂದಿನ ಅಸ್ವಾನ್‌ನಲ್ಲಿ, ಸೂರ್ಯ ನೆತ್ತಿಯ ಮೇಲೆ, ನೆರಳೇ ಇಲ್ಲ. ಅದೇ ಹೊತ್ತಿನಲ್ಲಿ ಅಲೆಕ್ಸಾಂಡ್ರಿಯದಲ್ಲಿ ನೆಟ್ಟ ಕೋಲಿನ ನೆರಳು ವೃತ್ತದ ಐವತ್ತರಲ್ಲೊಂದು ಭಾಗದಷ್ಟು ಕೋನ ತೋರಿಸುತ್ತದೆ. ಎರಡೂ ಊರಿನ ನಡುವಿನ ದೂರ 5,000 ಸ್ಟೇಡಿಯಂ (ಗ್ರೀಕರ ದೂರದ ಅಳತೆ) ಎಂದಿಟ್ಟುಕೊಂಡರೆ ಭೂಮಿಯ ಸುತ್ತಳತೆ 2,50,000. ಅವನ ಸ್ಟೇಡಿಯಂ ಎಷ್ಟು ಉದ್ದ ಎಂಬುದರ ಬಗ್ಗೆ ಪಂಡಿತರಲ್ಲಿ ಇನ್ನೂ ಜಗಳವಿದೆ, ಹಾಗಾಗಿ ತಪ್ಪು ಶೇಕಡಾ ಎಷ್ಟು ಎಂದು ಅಡ್ಡಾದಿಡ್ಡಿ ಹೇಳುವ ಪೋಸ್ಟ್‌ಗಳನ್ನು ನಂಬಬೇಡಿ. ವಿಧಾನ ಮಾತ್ರ ಅಪ್ಪಟ.

ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಎಂದು ಅದೇ ಶತಮಾನದಲ್ಲಿ ಸಾಮೋಸ್ ದ್ವೀಪದ ಅರಿಸ್ಟಾರ್ಕಸ್ ಹೇಳಿದ. ಹೆಚ್ಚು ಜನ ಒಪ್ಪಲಿಲ್ಲ. ಇನ್ನು 1901ರಲ್ಲಿ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ ಮೇಲೆ ಬಂದ ಕಂಚಿನ ಯಂತ್ರವನ್ನು ನೆನೆಯದಿರಲು ಆಗದು. ಉಳಿದಿರುವುದು 30 ಹಲ್ಲುಚಕ್ರ. ಹಿಡಿ ತಿರುಗಿಸಿದರೆ ಸೂರ್ಯಚಂದ್ರರ ಸ್ಥಾನ, ಗ್ರಹಣದ ಕಾಲ, ಅಷ್ಟೇಕೆ, ಕ್ರೀಡಾಕೂಟ ನಡೆಯುವ ವರ್ಷವೂ ಕಾಣುತ್ತಿತ್ತು. ಅದರಲ್ಲಿ ಬಾಬಿಲೋನಿಯದವರ ಗ್ರಹಣದ ಲೆಕ್ಕವೂ ಸೇರಿದೆ. ಅಂಥ ಹಲ್ಲುಚಕ್ರದ ಕೆಲಸ ಯೂರೋಪಿನಲ್ಲಿ ಮತ್ತೆ ಕಾಣಿಸಿದ್ದು ಸಾವಿರ ವರ್ಷಕ್ಕೂ ಮೀರಿ ಕಳೆದ ಮೇಲೆ, ಗೋಪುರ ಗಡಿಯಾರಗಳ ಕಾಲದಲ್ಲಿ.

ಅರಿಸ್ಟಾಟಲ್ ವಿಜ್ಞಾನವನ್ನು ಬೆಳೆಸಿದನೋ, ಎರಡು ಸಾವಿರ ವರ್ಷ ತಡೆದನೋ?

ತಡೆದದ್ದು ಅವನಲ್ಲ, ಅವನನ್ನು ಶಾಸ್ತ್ರವಾಕ್ಯ ಮಾಡಿಕೊಂಡವರು. ಭಾರದ ವಸ್ತು ಬೇಗ ಬೀಳುತ್ತದೆ ಎಂದ, ತಪ್ಪು. ಹೆಂಗಸರಿಗೆ ಹಲ್ಲು ಕಡಿಮೆ ಎಂದ, ಅದೂ ತಪ್ಪು, ಮನೆಯಲ್ಲೇ ಎಣಿಸಬಹುದಿತ್ತು. ಆದರೆ ಅದೇ ಮನುಷ್ಯ ಲೆಸ್ಬಾಸ್ ದ್ವೀಪದ ಹಿನ್ನೀರಿನಲ್ಲಿ ಮೀನುಗಾರರ ಜೊತೆ ಸೇರಿ ನೂರಾರು ಜೀವಿಗಳನ್ನು ಕೊಯ್ದು ನೋಡಿದ. ಒಂದು ಜಾತಿಯ ಸಣ್ಣ ಶಾರ್ಕ್‌ನ ಮರಿ ತಾಯಿಗೆ ಹೊಕ್ಕುಳಬಳ್ಳಿಯಂಥದರಿಂದ ಅಂಟಿರುತ್ತದೆ ಎಂದು ಅವನು ಬರೆದದ್ದನ್ನು ಯಾರೂ ನಂಬಿರಲಿಲ್ಲ. 1842ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯುಲ್ಲರ್ ನೋಡಿ ಸರಿ ಎಂದ.

ವೈದ್ಯದಲ್ಲಿ ಗ್ರೀಕರ ಪಾಲೇನು? ಹಿಪ್ಪೊಕ್ರೆಟಿಸ್ ಪ್ರಮಾಣ ಅವನದೇ?

ಹಿಪ್ಪೊಕ್ರೆಟಿಸ್ ಹೆಸರಿನಲ್ಲಿ ಸುಮಾರು 60 ಗ್ರಂಥಗಳಿವೆ, ಬರೆದವರು ಹಲವರು. ಪ್ರಮಾಣವೂ ಅವನದೇ ಎನ್ನಲಾಗದು. 'ಮೊದಲು ಹಾನಿ ಮಾಡಬೇಡ' ಎಂಬ ಪ್ರಸಿದ್ಧ ಮಾತು ಆ ರೂಪದಲ್ಲಿ ಪ್ರಮಾಣದಲ್ಲಿ ಇಲ್ಲ. ನನಗೆ ದೊಡ್ಡದಾಗಿ ಕಾಣುವುದು ಅಪಸ್ಮಾರದ ಬಗೆಗಿನ ಗ್ರಂಥ. ಮೂರ್ಛೆರೋಗವನ್ನು ಜನ ದೈವದ ಕಾಟ ಎನ್ನುತ್ತಿದ್ದರು. ಇದು ಬೇರೆ ರೋಗಗಳಿಗಿಂತ ಹೆಚ್ಚು ದೈವಿಕವೇನಲ್ಲ, ಮಿದುಳಿನಿಂದ ಬರುವುದು, ಚಿಕಿತ್ಸೆ ತಿಳಿಯದವರು ತಮ್ಮ ಅಜ್ಞಾನ ಮುಚ್ಚಿಕೊಳ್ಳಲು ದೇವರ ಹೆಸರು ಹೇಳುತ್ತಾರೆ ಎಂದು ಅದನ್ನು ಬರೆದವನು ಹರಿಹಾಯುತ್ತಾನೆ. ಅವನು ಕೊಟ್ಟ ಕಾರಣ (ಮಿದುಳಿನ ಕಫ ನಾಳ ಕಟ್ಟುವುದು) ತಪ್ಪು. ಕೇಳಿದ ರೀತಿ ಸರಿ.

ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ದ್ರವಗಳ ಸಿದ್ಧಾಂತ ಗೇಲೆನ್ ಮೂಲಕ ಯೂರೋಪನ್ನು ಶತಮಾನಗಟ್ಟಲೆ ಆಳಿತು. ಗೇಲೆನ್ ಕೋತಿ, ಹಂದಿಗಳನ್ನು ಕೊಯ್ದು ಮನುಷ್ಯನ ಬಗ್ಗೆ ಬರೆದಿದ್ದ. 1543ರಲ್ಲಿ ವೆಸಾಲಿಯಸ್ ಮನುಷ್ಯರ ಶವ ಕೊಯ್ದು ಅವನನ್ನು ತಿದ್ದಿದ. ಅದೇ ಸಿದ್ಧಾಂತ ಅರಬರ ಕೈಯಲ್ಲಿ ಬೆಳೆದು ಯುನಾನಿ ವೈದ್ಯವಾಗಿ ನಮ್ಮಲ್ಲಿಗೂ ಬಂತು. ಬೆಂಗಳೂರಿನ ಮಾಗಡಿ ರಸ್ತೆಯ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಇವತ್ತಿಗೂ ಅದರ ಉನ್ನತ ವ್ಯಾಸಂಗ ನಡೆಯುತ್ತಿದೆ.

ಇಂಗ್ಲಿಷ್ ಅಕ್ಷರಗಳು ಗ್ರೀಕರವೇ?

ಅಜ್ಜ ಫಿನೀಷಿಯ (ಇಂದಿನ ಲೆಬನಾನ್ ಕರಾವಳಿ), ತಂದೆ ಗ್ರೀಸ್. ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ ಗ್ರೀಕರು ಫಿನೀಷಿಯದ ವ್ಯಾಪಾರಿಗಳಿಂದ ಲಿಪಿ ಕಲಿತರು. ಅದರಲ್ಲಿ ವ್ಯಂಜನಗಳಷ್ಟೇ ಇದ್ದವು. ತಮಗೆ ಬೇಡದ ಕೆಲವು ಅಕ್ಷರಗಳನ್ನು ಗ್ರೀಕರು ಸ್ವರಗಳಿಗೆ ಬಳಸಿಕೊಂಡರು. ಅದು ಇಟಲಿಯ ಎಟ್ರಸ್ಕನ್ನರ ಮೂಲಕ ರೋಮನರಿಗೆ ಹೋಗಿ ಇಂದಿನ ರೋಮನ್ ಲಿಪಿಯಾಯಿತು. ರಷ್ಯನ್ ಲಿಪಿಯ ಮೂಲವೂ ಗ್ರೀಕೇ.

ನಾಟಕ ಹುಟ್ಟಿದ್ದು ಗ್ರೀಸ್‌ನಲ್ಲೇ? ಕನ್ನಡಕ್ಕೂ ಅದಕ್ಕೂ ನಂಟಿದೆಯೇ?

ಪಶ್ಚಿಮದ ನಾಟಕ ಅಲ್ಲೇ ಹುಟ್ಟಿತು, ಡಯೊನೈಸಸ್ ದೇವರ ವಸಂತದ ಜಾತ್ರೆಯಲ್ಲಿ. ಸ್ಪರ್ಧೆಗಾಗಿ ಬರೆದ ನಾಟಕಗಳು, ಬಯಲು ರಂಗ, ಮುಖವಾಡ, ಹಾಡಿ ಕುಣಿಯುವ ಮೇಳ. ನಟರು ಹೆಚ್ಚೆಂದರೆ ಮೂವರು, ಎಲ್ಲ ಗಂಡಸರೇ, ಹೆಣ್ಣಿನ ಪಾತ್ರವೂ ಅವರದೇ. ಯಕ್ಷಗಾನ ನೋಡಿ ಬೆಳೆದವರಿಗೆ ಇದರಲ್ಲಿ ವಿಚಿತ್ರವೆನಿಸುವುದು ಏನೂ ಇಲ್ಲ. ಖರ್ಚು ಊರಿನ ಶ್ರೀಮಂತನ ತಲೆಗೆ; ಅದು ತೆರಿಗೆಯೂ ಹೌದು, ಗೌರವವೂ ಹೌದು.

ಉಳಿದಿರುವುದು ಅಲ್ಪ. ಸೊಫೊಕ್ಲೀಸ್ ನೂರಕ್ಕೂ ಹೆಚ್ಚು ನಾಟಕ ಬರೆದ, ಪೂರ್ತಿ ಸಿಕ್ಕಿರುವುದು ಏಳು. ಈಸ್ಕಿಲಸ್‌ನದೂ ಏಳೇ. ಇವುಗಳಲ್ಲಿ ನನಗೆ ಅತಿ ಅಚ್ಚರಿಯದು ಕ್ರಿ.ಪೂ. 472ರ 'ಪರ್ಷಿಯನ್ನರು'. ಅದನ್ನು ಬರೆದ ಈಸ್ಕಿಲಸ್ ಮ್ಯಾರಥಾನ್ ಯುದ್ಧದಲ್ಲಿ ಪರ್ಷಿಯನ್ನರ ವಿರುದ್ಧ ಹೋರಾಡಿದವನು. ನೋಡಲು ಕೂತವರ ಊರನ್ನು ಅವರು ಎಂಟು ವರ್ಷ ಹಿಂದೆ ಸುಟ್ಟಿದ್ದರು. ಆದರೂ ಇಡೀ ನಾಟಕ ನಡೆಯುವುದು ಶತ್ರುವಿನ ರಾಜಧಾನಿ ಸೂಸಾದಲ್ಲಿ, ಮಗನ ದಾರಿ ಕಾಯುವ ಅಲ್ಲಿನ ರಾಜಮಾತೆಯ ಕಣ್ಣಿನಲ್ಲಿ. ಗೆದ್ದವರು ಸೋತವರ ಅಳುವನ್ನು ಕೂತು ಕೇಳಿದರು, ಬಹುಮಾನವನ್ನೂ ಕೊಟ್ಟರು.

ಈ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಸೊಫೊಕ್ಲೀಸ್‌ನ 'ಏಜಾಕ್ಸ್' ಅನ್ನಂತೂ ಅವರು ಮಹಾಭಾರತಕ್ಕೇ ಕಸಿ ಮಾಡಿ 'ಅಶ್ವತ್ಥಾಮನ್' ಬರೆದರು. ನಮ್ಮ ಪುರಾಣದಲ್ಲಿ ಚಿರಂಜೀವಿಯಾದವನನ್ನು ಗ್ರೀಕ್ ವೀರನಂತೆ ಆತ್ಮಹತ್ಯೆಯ ಹಾದಿಯಲ್ಲಿ ನಡೆಸಿದ ಆ ಧೈರ್ಯದ ಬಗ್ಗೆ ಆಗ ಸಾಕಷ್ಟು ಚರ್ಚೆಯಾಯಿತು.

ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ಮಾತುಗಳಿವೆಯಂತೆ, ನಿಜವೇ?

ಇರಬಹುದು, ಇಲ್ಲದಿರಬಹುದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ದಿಬ್ಬಗಳಲ್ಲಿ ಸಿಕ್ಕ ಪ್ಯಾಪಿರಸ್ ಹಾಳೆಗಳಲ್ಲಿ 413ನೆಯದು ಇದು, ಕ್ರಿ.ಶ. 2ನೇ ಶತಮಾನದ ಬರಹ, ಅಚ್ಚಾದದ್ದು 1903ರಲ್ಲಿ. ಖಾರಿಟಿಯಾನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ಬಿಡಿಸಲು ಬಂದವರು ಅಲ್ಲಿನ ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಮತ್ತೇರಿಸಿ ಹಡಗು ಹತ್ತುತ್ತಾರೆ. ಆ ರಾಜನ ಕಡೆಯವರು ಆಡುವ ಪರಭಾಷೆಯ ಮಾತು ಕನ್ನಡ ಎಂದು ಮೊದಲು ಸೂಚಿಸಿದವರು ಜರ್ಮನ್ ವಿದ್ವಾಂಸ ಹುಲ್ಷ್. ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. ಬರೀ ನಗಿಸಲು ಕಟ್ಟಿದ ಅರ್ಥವಿಲ್ಲದ ಸದ್ದು ಎನ್ನುವವರೂ ಇದ್ದಾರೆ. ತೀರ್ಪು ಆಗಿಲ್ಲ. ಅದನ್ನು ಪಕ್ಕಾ ಪುರಾವೆ ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚುವ ಅವಸರ ಬೇಡ.

ಹೆರೊಡೋಟಸ್‌ನನ್ನು ಇತಿಹಾಸದ ಪಿತಾಮಹ ಎನ್ನುತ್ತಾರೆ. ಅವನು ಬರೆದದ್ದೆಲ್ಲ ಕಟ್ಟುಕಥೆ ಅಲ್ಲವೇ?

ಭಾರತದಲ್ಲಿ ನಾಯಿಗಿಂತ ಸಣ್ಣ, ನರಿಗಿಂತ ದೊಡ್ಡ ಇರುವೆಗಳು ಚಿನ್ನ ಅಗೆಯುತ್ತವೆ ಎಂದು ಬರೆದವನು ಅವನೇ. ಗಿಡದಲ್ಲಿ ಉಣ್ಣೆ ಬೆಳೆಯುತ್ತದೆ ಎಂದೂ ಬರೆದ. ಅದು ಹತ್ತಿ, ನಿಜ. ಅವನ ಬೆಲೆ ಇರುವುದು ಮಾಹಿತಿ ಎಲ್ಲಿಂದ ಬಂತೆಂದು ಹೇಳುವುದರಲ್ಲಿ: 'ಇದು ನಾನು ಕಂಡದ್ದು', 'ಇದು ಪುರೋಹಿತರು ಹೇಳಿದ್ದು', 'ಇದನ್ನು ನಾನು ನಂಬುವುದಿಲ್ಲ'. ಅವನ ನಂತರದ ಥುಸಿಡಿಡೀಸ್ ಇನ್ನೂ ಬಿಗಿ. ಸಾಕ್ಷಿಗಳು ಒಂದೇ ಘಟನೆಯನ್ನು ಬೇರೆ ಬೇರೆಯಾಗಿ ಹೇಳುತ್ತಾರೆ ಎಂದು ದೂರುತ್ತಾನೆ, ಭಾಷಣಗಳನ್ನು ಪದಶಃ ಕೊಟ್ಟಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಕ್ರಿ.ಪೂ. 430ರ ಅಥೆನ್ಸ್‌ನ ಮಹಾಮಾರಿಯನ್ನು, ತನಗೂ ಬಂದಿತ್ತು ಎಂದು ಹೇಳಿ, ಲಕ್ಷಣ ಲಕ್ಷಣವಾಗಿ ವರ್ಣಿಸುತ್ತಾನೆ. ಕೊರೊನಾ ಕಂಡ ನಮಗೆ ಆ ಪುಟಗಳು ಓದಲು ಕಷ್ಟ.

ಮ್ಯಾರಥಾನ್ ಓಟ, ಒಲಿಂಪಿಕ್ ಜ್ಯೋತಿ ಗ್ರೀಕರ ಕಾಲದ್ದೇ?

ಎರಡೂ ಅಲ್ಲ. ಕೂಟ ಮಾತ್ರ ಹಳೆಯದು, ಸಂಪ್ರದಾಯದ ಪ್ರಕಾರ ಕ್ರಿ.ಪೂ. 776ರಿಂದ. ಮ್ಯಾರಥಾನ್ ಓಟ 1896ರ ಅಥೆನ್ಸ್ ಕೂಟಕ್ಕಾಗಿ ಮಿಶೆಲ್ ಬ್ರೆಯಾಲ್ ಎಂಬ ಫ್ರೆಂಚ್ ಪಂಡಿತ ಸೂಚಿಸಿದ್ದು. 42.195 ಕಿಲೋಮೀಟರ್ ಮೊದಲು ಓಡಿದ್ದು 1908ರ ಲಂಡನ್ ಕೂಟದಲ್ಲಿ. ಜ್ಯೋತಿಯ ಓಟ 1936ರ ಬರ್ಲಿನ್‌ನದು.

ಬಿಳಿ ಅಮೃತಶಿಲೆಯ ಶಿಲ್ಪ, ಕಂಬಸಾಲಿನ ಕಟ್ಟಡಗಳ ಬಗ್ಗೆ?

ಶಿಲ್ಪಗಳು ಬಿಳಿಯಾಗಿರಲಿಲ್ಲ. ಕೆಂಪು, ನೀಲಿ, ಹಳದಿ ಬಣ್ಣ ಬಳಿದಿದ್ದರು, ನಮ್ಮ ಗೋಪುರಗಳ ಗೊಂಬೆಗಳಂತೆ. ಬಣ್ಣ ಉದುರಿದ್ದನ್ನೇ ಯೂರೋಪಿನವರು ಸೌಂದರ್ಯದ ಆದರ್ಶ ಮಾಡಿಕೊಂಡರು. ಅಥೆನ್ಸ್‌ನ ಪಾರ್ಥೆನಾನ್ ದೇವಾಲಯ ಕ್ರಿ.ಪೂ. 447ರಿಂದ 432ರ ನಡುವೆ ಎದ್ದಿತು. 1687ರಲ್ಲಿ ತುರ್ಕರು ಅದರಲ್ಲಿ ಮದ್ದುಗುಂಡು ತುಂಬಿದ್ದಾಗ ವೆನಿಸ್ ಸೈನ್ಯದ ಗುಂಡು ಬಿದ್ದು ಒಡೆಯಿತು. ಆ ಕಂಬಸಾಲನ್ನು ರೋಮನರು, ಆಮೇಲೆ ಬ್ರಿಟಿಷರು ಹೋದಲ್ಲೆಲ್ಲ ಹೊತ್ತೊಯ್ದರು. ಹೈಕೋರ್ಟ್ ಇರುವ ಬೆಂಗಳೂರಿನ ಅಠಾರಾ ಕಚೇರಿಯ ಮುಂದೆ ನಿಂತರೆ ಅದರ ದೂರದ ನೆಂಟಸ್ತನ ಕಾಣುತ್ತದೆ.

ಗ್ರೀಕರ ಪುಸ್ತಕಗಳು ಯೂರೋಪಿಗೆ ಹೇಗೆ ಉಳಿದು ಬಂದವು?

ಸುತ್ತು ದಾರಿಯಲ್ಲಿ. ಪಶ್ಚಿಮ ರೋಮನ್ ಸಾಮ್ರಾಜ್ಯ ಕುಸಿದ ಮೇಲೆ ಅಲ್ಲಿ ಗ್ರೀಕ್ ಓದುವವರೇ ಅಪರೂಪವಾದರು. ಗ್ರಂಥಗಳು ಎರಡು ಕಡೆ ಬದುಕಿದವು. ಒಂದು ಕಾನ್‌ಸ್ಟಾಂಟಿನೋಪಲ್, ಅಲ್ಲಿ ಹೋಮರ್, ನಾಟಕಗಳು, ಪ್ಲೇಟೊ ಎಲ್ಲವನ್ನೂ ಕೈಬರಹದಲ್ಲಿ ನಕಲು ಮಾಡುತ್ತಲೇ ಇದ್ದರು. ಇನ್ನೊಂದು ಬಾಗ್ದಾದ್. 9ನೇ ಶತಮಾನದಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಎಂಬ ಕ್ರೈಸ್ತ ವೈದ್ಯ ಗೇಲೆನ್‌ನ ಗ್ರಂಥಗಳನ್ನು ಸಿರಿಯಾಕ್, ಅರಬ್ಬಿಗೆ ತಂದ. ಒಂದೇ ಪ್ರತಿ ನಂಬದೆ ಹಲವು ಪ್ರತಿ ಹುಡುಕಿ ಹೋಲಿಸಿ ಪಾಠ ಸರಿಪಡಿಸುವುದು ಅವನ ಕ್ರಮ. ಅರಬ್ಬಿ ಪಂಡಿತರು ಬರೀ ಕಪಾಟು ಕಾಯ್ದವರಲ್ಲ; ಬೆಳಕಿನ ಬಗ್ಗೆ ಇಬ್ನ್ ಅಲ್ ಹೈಥಮ್ ಗ್ರೀಕರನ್ನೇ ತಿದ್ದಿದ, ಕೊರ್ಡೋಬಾದ ಇಬ್ನ್ ರುಶ್ದ್ ಬರೆದ ವ್ಯಾಖ್ಯಾನವಿಲ್ಲದೆ ಪ್ಯಾರಿಸ್‌ನವರಿಗೆ ಅರಿಸ್ಟಾಟಲ್ ಅರ್ಥವಾಗುತ್ತಿರಲಿಲ್ಲ.

12ನೇ ಶತಮಾನದಲ್ಲಿ ಇಟಲಿಯ ಗೆರಾರ್ಡೊ ಎಂಬಾತ ಟಾಲೆಮಿಯ ಖಗೋಳಗ್ರಂಥ ಹುಡುಕಿಕೊಂಡು ಸ್ಪೇನಿನ ಟೊಲೆಡೊಗೆ ಹೋದ, ಅದಕ್ಕಾಗಿ ಅರಬ್ಬಿ ಕಲಿತ, ಅಲ್ಲೇ ಉಳಿದು ಹತ್ತಾರು ಗ್ರಂಥಗಳನ್ನು ಲ್ಯಾಟಿನ್‌ಗೆ ತಂದ. 1397ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಕ್ರಿಸೊಲೊರಾಸ್ ಫ್ಲಾರೆನ್ಸ್‌ಗೆ ಬಂದು ಗ್ರೀಕ್ ಕಲಿಸತೊಡಗಿದ. ಮುಂದಿನ ಶತಮಾನ ಮುಗಿಯುವಷ್ಟರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಅರಿಸ್ಟಾಟಲ್‌ನನ್ನು ಗ್ರೀಕಿನಲ್ಲೇ ಅಚ್ಚು ಹಾಕಿದ. ಗ್ರೀಸ್‌ನಿಂದ ಯೂರೋಪಿಗೆ ನೇರ ಗೆರೆ ಎಳೆಯುವವರು ಈ ಊರುಗಳನ್ನೆಲ್ಲ ಹಾರಿ ಹೋಗುತ್ತಾರೆ.

ಗ್ರೀಕರು ಎಲ್ಲವನ್ನೂ ಪೂರ್ವದಿಂದ ಕದ್ದರು ಎನ್ನುವುದು ಸರಿಯೇ?

ಪಡೆದರು, ಬಚ್ಚಿಡಲಿಲ್ಲ. ವೃತ್ತಕ್ಕೆ 360 ಭಾಗ, ಗ್ರಹಣದ ದಾಖಲೆ ಬಾಬಿಲೋನಿಯದ್ದು. ಕಲ್ಲಿನ ಶಿಲ್ಪದ ನಿಲುವು, ಭೂಮಾಪನ ಈಜಿಪ್ಟಿನದು. ಹೆರೊಡೋಟಸ್ ಈಜಿಪ್ಟಿಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚೇ ಸಲ್ಲಿಸಿದ್ದಾನೆ.

ಭಾರತ ಗ್ರೀಕರಿಂದ ಏನಾದರೂ ಪಡೆಯಿತೇ?

ಪಡೆಯಿತು, ಕೊಟ್ಟಿತು ಕೂಡ. ಜಾತಕ ಹಾಕುವ ಜ್ಯೋತಿಷ್ಯದ ಬಹುಪಾಲು ಯವನರ ಮೂಲಕ ಬಂದದ್ದು. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ಚೆನ್ನಾಗಿ ನೆಲೆಸಿದೆ, ಅವರನ್ನೂ ಋಷಿಗಳಂತೆ ಪೂಜಿಸುತ್ತಾರೆ ಎಂಬ ಶ್ಲೋಕವನ್ನು ವರಾಹಮಿಹಿರ ಯಾವ ಮುಜುಗರವೂ ಇಲ್ಲದೆ ಬರೆದಿದ್ದಾನೆ. ಗಾಂಧಾರ ಶಿಲ್ಪ ಎಲ್ಲರಿಗೂ ಗೊತ್ತು. ಆ ಕಡೆಯಿಂದ ಈ ಕಡೆಗೆ ಒಲಿದವರೂ ಉಂಟು: ಮಧ್ಯಪ್ರದೇಶದ ವಿದಿಶಾ ಹತ್ತಿರ ಕ್ರಿ.ಪೂ. 2ನೇ ಶತಮಾನದ ಕೊನೆಯಲ್ಲಿ ವಾಸುದೇವನಿಗೆ ಗರುಡಗಂಬ ನಿಲ್ಲಿಸಿದ ಹೆಲಿಯೊಡೋರಸ್ ತಕ್ಷಶಿಲೆಯ ಗ್ರೀಕ್ ರಾಜನ ರಾಯಭಾರಿ. ಟಾಲೆಮಿಯ ಭೂಗೋಳದಲ್ಲಿ ನಮ್ಮ ಬನವಾಸಿಯ ಹೆಸರೂ ಇದೆ.

ಎಲ್ಲಿಂದ ಓದಲು ಶುರು ಮಾಡಲಿ?

ಪ್ಲೇಟೊ ಬರೆದ ಸಾಕ್ರೆಟಿಸ್‌ನ ವಿಚಾರಣೆಯ ಭಾಷಣದಿಂದ. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ, ಮುನ್ನುಡಿ ಓದದಿದ್ದರೂ ನಡೆಯುತ್ತದೆ. ಆಮೇಲೆ ಸೊಫೊಕ್ಲೀಸ್‌ನ 'ದೊರೆ ಈಡಿಪಸ್', 'ಆಂಟಿಗೊನೆ'. ಎರಡೂ ಕನ್ನಡಕ್ಕೆ ಬಂದಿವೆ, ರಂಗದ ಮೇಲೂ ಬಂದಿವೆ. ಹೆರೊಡೋಟಸ್‌ನನ್ನು ಪುಟದ ಕ್ರಮದಲ್ಲಿ ಓದಬೇಕೆಂದಿಲ್ಲ, ಈಜಿಪ್ಟಿನ ಭಾಗದಿಂದ ಶುರು ಮಾಡಿ. ಅರಿಸ್ಟಾಟಲ್‌ನಿಂದ ಮಾತ್ರ ಆರಂಭಿಸಬೇಡಿ. ಅವನ ಹೆಸರಿನಲ್ಲಿ ಉಳಿದಿರುವುದು ಹೆಚ್ಚಾಗಿ ಪಾಠದ ಟಿಪ್ಪಣಿ, ಓದಿನ ಸುಖಕ್ಕಾಗಿ ಬರೆದದ್ದಲ್ಲ. ಹಟ ಇದ್ದರೆ ಪ್ರಾಣಿಗಳ ಬಗ್ಗೆ ಬರೆದದ್ದನ್ನು ಮೊದಲು ತೆಗೆಯಿರಿ.